ಅಂಗಳವೇ ಡೊಂಕು

ನನ್ನ ಕಾರಿನ ಗೇರ್‌ಬಾಕ್ಸ್ ಹೋಗಿದೆ ಎಂದು ಮೊದಲು ತೀರ್ಪು ಕೊಟ್ಟವನು ಅದನ್ನು ಬಿಚ್ಚಿ ನೋಡಿರಲಿಲ್ಲ. ಎರಡನೆಯವನೂ ನೋಡಿರಲಿಲ್ಲ. ಮೂರನೆಯವನು ನನ್ನ ಸ್ವಂತ ಅಣ್ಣ ಧರ್ಣಪ್ಪ. ಅವನಂತೂ ಬಾನೆಟ್ ಕೂಡ ಎತ್ತದೆ, ಜಗಲಿಯಲ್ಲಿ ಕುಳಿತು ಚಹಾ ಕುಡಿಯುತ್ತಲೇ ಹೇಳಿಬಿಟ್ಟ.

"ಮಾರಿ ಬಿಡುವ, ಹರಿಣಿ. ಅದರ ಕಥೆ ಮುಗಿಯಿತು."

ಮುಗಿಯಿತಂತೆ! ಇವನೇನು ಅದರ ಜಾತಕ ಬರೆದವನೇ?

ನಾನು ಯಾರೆಂದು ಹೇಳದೆ ಜಗಳಕ್ಕೆ ಇಳಿದರೆ ನಿಮಗೆ ತಲೆಬುಡ ತಿಳಿಯುವುದಿಲ್ಲ. ನನ್ನ ಹೆಸರು ಹರಿಣಾಕ್ಷಿ, ವಯಸ್ಸು ನಲವತ್ತಾರು. ಸಿದ್ಧಕಟ್ಟೆ ಪೇಟೆಯಲ್ಲಿ ನನ್ನದೊಂದು ಬ್ಯೂಟಿ ಪಾರ್ಲರ್ ಇದೆ. ಆದರೆ ನನ್ನ ಅನ್ನ ಹುಟ್ಟುವುದು ಅಲ್ಲಲ್ಲ, ಮದುವೆ ಮನೆಗಳಲ್ಲಿ. ಮದುಮಗಳಿಗೆ ಸೀರೆ ಉಡಿಸುವುದು, ಜಡೆ ಹೆಣೆದು ಮಲ್ಲಿಗೆ ಮುಡಿಸುವುದು, ಮುಖಕ್ಕೆ ಬಣ್ಣ ಹಚ್ಚುವುದು ನನ್ನ ಕೆಲಸ. ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆ, ಮೂರೂ ಕಡೆಯಿಂದ ಕರೆ ಬರುತ್ತದೆ. ಬೆಳಿಗ್ಗೆ ಐದಕ್ಕೆ ಎಂದರೆ ಐದಕ್ಕೆ ನಾನು ಬಾಗಿಲಲ್ಲಿ ಇರುತ್ತೇನೆ.

ಎರಡು ವರ್ಷ ತುಂಬುವ ಮೊದಲೇ ಪೋಲಿಯೋ ಬಂದು ನನ್ನ ಎಡಗಾಲು ಸೊರಗಿತು. ಊರುಗೋಲು ಇಲ್ಲದೆ ಹತ್ತು ಹೆಜ್ಜೆ ಇಡಲಾರೆ. ಎಲ್ಲರ ಕಾರಿನಲ್ಲೂ ಕ್ಲಚ್ ತುಳಿಯಲು ಎಡಗಾಲು ಬೇಕು. ಆಟೋಮ್ಯಾಟಿಕ್ ಕಾರಿಗೆ ಬೇಡ, ಗೇರು ತಾನೇ ಬದಲಾಗುತ್ತದೆ. ಅದಕ್ಕೇ ಏಳು ವರ್ಷದ ಹಿಂದೆ ಹಳೆಯ ಬಿಳಿ ಆಟೋಮ್ಯಾಟಿಕ್ ಕಾರೊಂದನ್ನು ನನ್ನದೇ ದುಡಿಮೆಯಲ್ಲಿ, ನನ್ನದೇ ಹೆಸರಿನಲ್ಲಿ ತೆಗೆದುಕೊಂಡೆ.

ಅದಕ್ಕೂ ಮೊದಲು ನನ್ನನ್ನು ಎಲ್ಲೆಡೆಗೆ ಕರೆದೊಯ್ಯುತ್ತಿದ್ದವನು ಅಣ್ಣ, ತನ್ನ ಬಾಡಿಗೆ ಪಿಕಪ್‌ನಲ್ಲಿ. ಒಳ್ಳೆಯವನೇ. ಅದೇ ದೊಡ್ಡ ಕಷ್ಟ. ಕೆಟ್ಟವನಾಗಿದ್ದರೆ ನಾಲ್ಕು ಬೈದು ಸುಮ್ಮನಾಗಬಹುದಿತ್ತು. ಅವನಿಗೆ ಅಡಿಕೆ ಬಾಡಿಗೆ ಸಿಕ್ಕಿದ ದಿನ ನನಗೆ ರಜೆ. ಅವನಿಗೆ ಜ್ವರ ಬಂದರೆ ನನ್ನ ಮದುಮಗಳು ಬೇರೆಯವರ ಕೈಗೆ. ಸೀರೆಯ ನೆರಿಗೆ ಹಿಡಿಯುತ್ತಿರುವಾಗಲೇ ಹೊರಗಿನಿಂದ ಹಾರ್ನ್ ಹೊಡೆಯುತ್ತಾನೆ. ಊಟಕ್ಕೆ ಕೂರಬೇಕೇ ಬೇಡವೇ ಎಂಬುದನ್ನೂ ಅವನೇ ತೀರ್ಮಾನಿಸುತ್ತಾನೆ. ಮೂವತ್ತೊಂಬತ್ತನೆಯ ವಯಸ್ಸಿನವರೆಗೆ ಹೀಗೆ ಅವನ ಪುರುಸೊತ್ತು ನೋಡಿಕೊಂಡು ಬದುಕಿದೆ. ಈ ಕಾರು ಹೋದರೆ ಮತ್ತೆ ಅದೇ ಪಿಕಪ್, ಅದೇ ಹಾರ್ನ್. ನನಗೆ ಅದು ಬೇಡ. ಸತ್ತರೂ ಬೇಡ.

ತೊಂದರೆ ಶುರುವಾದದ್ದು ಮದುವೆಯ ಸೀಸನ್ನಿನ ನಡುವೆಯೇ. ಗೇರು ಹಾಕಿದರೆ ಕಾರು ಒಂದು ಗಳಿಗೆ ಸುಮ್ಮನಿರುತ್ತಿತ್ತು, ಆಮೇಲೆ ಹಿಂದಿನಿಂದ ಯಾರೋ ಗುದ್ದಿದ ಹಾಗೆ ಮುಂದಕ್ಕೆ ಹಾರುತ್ತಿತ್ತು. ಮಂಗಳೂರಿನ ಒಂದು ದೊಡ್ಡ ಸರ್ವಿಸ್ ಸೆಂಟರಿಗೆ ಕೊಂಡುಹೋದೆ. ಟೈ ಕಟ್ಟಿದ ಒಬ್ಬರು ಅದನ್ನು ಆಚೆ ಈಚೆ ಓಡಿಸಿ, ಗೇರ್‌ಬಾಕ್ಸನ್ನೇ ಬದಲಿಸಬೇಕು ಎಂದರು. ಅವರು ಹೇಳಿದ ಮೊತ್ತಕ್ಕೆ ಇಂಥದೇ ಇನ್ನೊಂದು ಕಾರು ಬರುತ್ತಿತ್ತು.

"ಮೊದಲು ಅದರ ಎಣ್ಣೆ ಬದಲಿಸಿ ನೋಡಬಹುದಲ್ಲ?" ಎಂದು ಕೇಳಿದೆ.

"ಅದು ಲೈಫ್‌ಟೈಮ್ ಆಯಿಲ್ ಮೇಡಂ. ಬದಲಿಸ್ಲಿಕ್ಕೆ ಇಲ್ಲ."

"ಯಾರ ಲೈಫ್‌ಟೈಮ್?"

"ಗೇರ್‌ಬಾಕ್ಸಿನದ್ದು ಮೇಡಂ."

"ಅಂದ್ರೆ ಗೇರ್‌ಬಾಕ್ಸ್ ಸಾಯುವವರೆಗೆ ಎಣ್ಣೆ ಬಾಳ್ತದೆ, ಎಣ್ಣೆ ಕೆಟ್ಟಾಗ ಗೇರ್‌ಬಾಕ್ಸ್ ಸಾಯ್ತದೆ. ಎಂಥ ಒಳ್ಳೆ ಎಣ್ಣೆ ಮಾರಾಯ್ರೇ!"

ಅವರಿಗೆ ನಗು ಬರಲಿಲ್ಲ. ಮೂಡಬಿದಿರೆಯ ಗ್ಯಾರೇಜಿನವನು ಇನ್ನೂ ಒಂದು ಹೆಜ್ಜೆ ಮುಂದೆ ಹೋದ. "ಅಕ್ಕ, ಇದಕ್ಕೆ ಹೊಸ ಎಣ್ಣೆ ಹಾಕಿದ್ರೆ ಇದ್ದ ಜೀವವೂ ಹೋಗ್ತದೆ. ಮುಟ್ಲಿಕ್ಕೇ ಹೋಗ್ಬೇಡಿ," ಎಂದು ಕೈಮುಗಿದ. ಮುಟ್ಟದೆ ಹೇಳುವ ವೈದ್ಯರೇ ಎಲ್ಲ ಕಡೆ.

ಎಣ್ಣೆಯ ಬಗ್ಗೆ ತಾವಾಗಿ ಕೇಳಿದವರು ಒಬ್ಬರೇ. ಒಂದು ಬುಧವಾರ ಮೆಲ್ಕಾರಿನಲ್ಲಿ ಸೀಟ್ ಕವರ್ ಅಂಗಡಿಯ ಮುಂದೆ ಕಾರು ನಿಲ್ಲಿಸಿದ್ದೆ. ಅಂಗಡಿ ರಿಝ್ವಾನ್ ಎಂಬವನದು. ಹೊರಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅವನ ತಂದೆ ಇಬ್ರಾಹಿಂ ಖಲೀಲ್ ಕುಳಿತಿದ್ದರು. ನಾನು ಹೊರಡಲು ಗೇರು ಹಾಕಿದಾಗ ಕಾರು ಎಂದಿನಂತೆ ಗುದ್ದಿತು. ಅವರು ಎದ್ದು ಬಂದು ಕಿಟಕಿಗೆ ಬಗ್ಗಿದರು.

"ಇದರ ಗೇರಿನ ಎಣ್ಣೆ ಯಾವಾಗ ಬದಲಿಸಿದ್ದು ಅಕ್ಕ?"

"ಯಾವತ್ತೂ ಇಲ್ಲ ಕಾಕ."

"ಹಾಗಾದ್ರೆ ಅದು ಗುದ್ದದೆ ಮುದ್ದು ಮಾಡ್ತದಾ?"

ಇಪ್ಪತ್ತನಾಲ್ಕು ವರ್ಷ ಗಲ್ಫಿನ ದಮಾಮಿನಲ್ಲಿ ಗೇರ್‌ಬಾಕ್ಸಿನ ಕೆಲಸವನ್ನೇ ಮಾಡಿದವರಂತೆ. ಅಲ್ಲಿ ಓಡುವುದೆಲ್ಲ ಆಟೋಮ್ಯಾಟಿಕ್ ಕಾರುಗಳೇ. ಊರಿಗೆ ಬಂದ ಮೇಲೆ ಇಲ್ಲಿಯವರು ಅವರ ಕೆಲಸವನ್ನು ಕೇಳುವುದೂ ಇಲ್ಲ, ಹೇಳಿದರೆ ನಂಬುವುದೂ ಇಲ್ಲ. "ಬಾಪಾ, ಸುಮ್ಮನೆ ಕೂತ್ಕೊಳ್ಳಿ," ಎಂದು ಮಗ ಒಳಗಿನಿಂದ ಗದರಿದ. ಸುಮ್ಮನೆ ಕೂತ್ಕೊಳ್ಳಿ ಎಂಬ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ನಾನು ಹುಟ್ಟಿದಾಗಿನಿಂದ ಕೇಳಿದ ಮಾತು ಅದು.

"ಕಾಕ, ನಾಳೆ ನಮ್ಮ ಮನೆಗೆ ಬರ್ತೀರಾ?" ಎಂದು ಅಲ್ಲೇ ಕೇಳಿದೆ.

"ಅಂಗಳ ಸಿಕ್ಕಿದ್ರೆ ಸಾಕು, ಬರ್ತೇನೆ," ಎಂದರು.

ಸುದ್ದಿ ಕೇಳಿ ಅಣ್ಣ ತಲೆಗೆ ಕೈ ಹಚ್ಚಿಕೊಂಡ. ಅವನ ಮನೆ ಪಕ್ಕದಲ್ಲೇ, ಇಬ್ಬರಿಗೂ ಅಂಗಳ ಒಂದೇ. ಹಾಗಾಗಿ ಜಗಳಕ್ಕೆ ದೂರ ಹೋಗಬೇಕಾಗಿಲ್ಲ. "ಅಷ್ಟು ದೊಡ್ಡ ಸೆಂಟರಿನವರು ಆಗುವುದಿಲ್ಲ ಅಂದದ್ದನ್ನು ಸೀಟ್ ಕವರ್ ಅಂಗಡಿಯ ಮುದುಕ ಸರಿ ಮಾಡ್ತಾರಾ? ಬ್ರೋಕರ್ ಹತ್ತಿರ ಮಾತಾಡಿದ್ದೇನೆ. ಓಡುವಾಗಲೇ ಕೊಟ್ಟು ಬಿಡುವ. ಭಾನುವಾರ ತೋಡಾರಿನ ಮದುವೆಗೆ ನಾನು ಬಿಡ್ತೇನಲ್ಲ, ನಿನಗೇನು ತೊಂದರೆ?"

ತೋಡಾರಿನ ವಿಸ್ಮಿತಾ ಎಂಬ ಹುಡುಗಿಯ ಮದುವೆಗೆ ನಾನು ಒಪ್ಪಿಕೊಂಡಿದ್ದೆ. ಬೆಳಿಗ್ಗೆ ಐದಕ್ಕೆ ಅಲ್ಲಿ ಇರಬೇಕು. ನನಗೆ ಸಿಟ್ಟು ನೆತ್ತಿಗೇರಿತು, ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ.

"ಶನಿವಾರ ಸಂಜೆಯೊಳಗೆ ಈ ಕಾರು ಒಮ್ಮೆಯೂ ಗುದ್ದದೆ ನಮ್ಮ ಚಡಾವಿನ ಏರು ಹತ್ತದಿದ್ರೆ ನಿನ್ನ ಬ್ರೋಕರಿಗೆ ನಾನೇ ಸಹಿ ಹಾಕಿ ಕೊಡ್ತೇನೆ. ಆಮೇಲೆ ನೀನು ಕರೆದಲ್ಲಿಗೆ ಬಾಯಿ ಮುಚ್ಚಿಕೊಂಡು ಬರ್ತೇನೆ. ಹತ್ತಿದ್ರೆ ಇನ್ನು ಮಾರುವ ಮಾತು ಎತ್ತಬಾರದು."

"ಆಯಿತು," ಎಂದ ಅಣ್ಣ. ಅಮ್ಮ ಸೇಸಮ್ಮ ಒಳಗಿನಿಂದ ಎಲ್ಲವನ್ನೂ ಕೇಳುತ್ತಿದ್ದಳು. ಹಾಗಾಗಿ ಮಾತು ಹಿಂದೆ ತೆಗೆದುಕೊಳ್ಳುವ ಹಾಗಿರಲಿಲ್ಲ.

ಗುರುವಾರ ಖಲೀಲ್ ಕಾಕ ಮೊದಲ ಬಸ್ಸಿಗೇ ಬಂದರು, ಕೈಯಲ್ಲಿ ದಮಾಮಿನ ಹಳೆಯ ಟೂಲ್ಸ್ ಚೀಲ. ಕಾರು ಮೂತಿಯನ್ನು ಗೇಟಿನ ಕಡೆ ಮಾಡಿ ನಿಂತಿತ್ತು. ಜಾಕ್ ಹಾಕಿ ಎತ್ತಿ, ಅಡಿಗೆ ಕಬ್ಬಿಣದ ಸ್ಟ್ಯಾಂಡ್ ಕೊಟ್ಟು, ರಟ್ಟು ಹಾಸಿ ಮಲಗಿದರು. ನಟ್ಟು ಬಿಚ್ಚಿದಾಗ ಬಂದ ಎಣ್ಣೆ ಕರ್ರಗಿತ್ತು, ತಳ ಹಿಡಿದ ಅನ್ನದ ವಾಸನೆ ಹೊಡೆಯುತ್ತಿತ್ತು. ಅವರು ಅದನ್ನು ಚೆಲ್ಲಲಿಲ್ಲ. ಒಂದು ಲೀಟರಿನ ನೀರಿನ ಬಾಟಲಿಗಳಿಗೆ ಸೋಸಿ ತುಂಬಿಸಿದರು. ಸರಿಯಾಗಿ ನಾಲ್ಕು ಬಾಟಲಿ ಆಯಿತು.

ಆಮೇಲೆ ಅಡಿಯ ತಟ್ಟೆಯನ್ನು ಕಳಚಿ, ಅದರೊಳಗೆ ಅಂಟಿದ್ದ ಸಣ್ಣ ಅಯಸ್ಕಾಂತವನ್ನು ಬೆರಳಿನಿಂದ ಒರೆಸಿ ನನ್ನ ಮುಂದೆ ಹಿಡಿದರು. ಕಾಡಿಗೆಯಂಥ ಕಪ್ಪು ಮೆತ್ತಿಕೊಂಡಿತ್ತು.

"ಮುಟ್ಟಿ ನೋಡಿ ಅಕ್ಕ. ಇದು ಹುಡಿ, ಸವೆದದ್ದು. ಎಲ್ಲ ಗೇರ್‌ಬಾಕ್ಸಿನಲ್ಲೂ ಇರ್ತದೆ. ಕಬ್ಬಿಣದ ಚೂರು ಒಂದಾದ್ರೂ ಉಂಟಾ?"

ಬೆರಳ ತುದಿಯಲ್ಲಿ ತಿಕ್ಕಿ ನೋಡಿದೆ. ನಾನು ಮೂವತ್ತು ವರ್ಷದಿಂದ ಪೌಡರ್ ತಿಕ್ಕಿದವಳು, ತರಿ ಇದ್ದರೆ ನನಗೆ ಗೊತ್ತಾಗದೆ ಹೋಗುವುದಿಲ್ಲ. ತರಿ ಇರಲಿಲ್ಲ.

"ಚೂರು ಇದ್ದಿದ್ರೆ ನಾನೇ ಮಾರಿ ಅಂತ ಹೇಳ್ತಿದ್ದೆ. ಇದು ಸತ್ತದ್ದಲ್ಲ, ಬಾಯಾರಿದ್ದು," ಎಂದರು.

ಆ ಮಾತು ಕೇಳಿ ನನಗೆ ಅಳುವೇ ಬಂತು. ಅಷ್ಟು ಜನರಲ್ಲಿ ತೆರೆದು ನೋಡಿ ಮಾತಾಡಿದ ಮೊದಲ ಮನುಷ್ಯ ಅವರು.

ಹೊಸ ಎಣ್ಣೆಯ ನಾಲ್ಕು ಡಬ್ಬಿ ತರಿಸಿದ್ದೆವು. ಪುನರ್ಪುಳಿ ಶರಬತ್ತಿನ ಹಾಗೆ ಕೆಂಪಗಿತ್ತು. "ಕುಡಿಯುವ ಹಾಗೆ ಉಂಟಲ್ಲ!" ಎಂದಳು ಅಮ್ಮ. ಕಾಕ ತಟ್ಟೆ ಮತ್ತೆ ಕೂರಿಸಿ ಕಾರನ್ನು ಇಳಿಸಿ, ಎರಡು ಡಬ್ಬಿ ಹೊಯ್ದು, ಇಂಜಿನ್ ಬಿಸಿ ಮಾಡಿಸಿ, ನನ್ನಿಂದ ಬ್ರೇಕ್ ಒತ್ತಿಸಿಕೊಂಡು ಒಂದೊಂದೇ ಗೇರಿಗೆ ಹಾಕಿಸಿದರು. ಸ್ವಲ್ಪ ಹಾಕುವುದು, ಎಣ್ಣೆ ಅಳೆಯುವ ಉದ್ದ ಕಡ್ಡಿಯನ್ನು ಎಳೆದು ನೋಡುವುದು, ಒರೆಸುವುದು, ಮತ್ತೆ ನೋಡುವುದು. ಮೂರನೆಯ ಡಬ್ಬಿ ಮುಗಿಯುವಾಗಲೇ ಎಣ್ಣೆ ಕಡ್ಡಿಯ ಮೇಲಿನ ಗೆರೆ ಮುಟ್ಟಿತು.

ಕಾಕ ಹುಬ್ಬು ಗಂಟಿಕ್ಕಿದರು. "ಬಂದದ್ದು ನಾಲ್ಕು, ಹೋದದ್ದು ಮೂರು. ಮೊದಲಿನವರು ಜಾಸ್ತಿ ಹಾಕಿದ್ದಾರೆ ಕಾಣ್ತದೆ. ಜಾಸ್ತಿ ಆದ್ರೆ ನೊರೆ ಬರ್ತದೆ, ಅದೂ ಕೆಟ್ಟದ್ದೇ. ಕಡ್ಡಿ ಹೇಳಿದ್ದೇ ಸರಿ."

ನಾಲ್ಕನೆಯ ಡಬ್ಬಿ ಸೀಲು ಒಡೆಯದೆ ಜಗಲಿಯ ಮೇಲೆ ಉಳಿಯಿತು. ಅಂಗಳದಲ್ಲೇ ಒಂದು ಸುತ್ತು ಹೊಡೆದೆ. ಗುದ್ದು ಇಲ್ಲ! ಬೆಣ್ಣೆಯಲ್ಲಿ ಕತ್ತಿ ಇಳಿದ ಹಾಗೆ ಗೇರು ಬೀಳುತ್ತಿತ್ತು. ಕಾಕನನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಬಾ ನೋಡು," ಎಂದು ಅಣ್ಣನಿಗೆ ಕೂಗಿ ಹೇಳಿ ಸೀದಾ ಚಡಾವಿಗೇ ಹೋದೆ.

ನಮ್ಮ ಮನೆಯಿಂದ ಪೇಟೆಗೆ ಹೋಗುವ ದಾರಿಯಲ್ಲಿ ಅದೊಂದು ಕಡಿದಾದ ಏರು. ಅದನ್ನು ಹತ್ತದೆ ನಮಗೆ ಎಲ್ಲಿಗೂ ದಾರಿ ಇಲ್ಲ. ಅರ್ಧದವರೆಗೆ ಕಾರು ಚೆನ್ನಾಗಿಯೇ ಹೋಯಿತು. ಅಲ್ಲಿಂದ ಇಂಜಿನ್ ಬೊಬ್ಬೆ ಹಾಕಿತೇ ಹೊರತು ಚಕ್ರಕ್ಕೆ ಬಲವೇ ಬರಲಿಲ್ಲ. ಕಾರು ನಿಂತಿತು. ಆಮೇಲೆ ಹಿಂದಕ್ಕೆ ಸರಿಯತೊಡಗಿತು. ಬ್ರೇಕ್ ಒತ್ತಿ ಹಿಡಿದೆ. ಮೇಲಿನಿಂದ ಬಸ್ಸು ಬಂದು ನಿಂತಿತು, ಅದರೊಳಗಿನ ಅಷ್ಟೂ ತಲೆಗಳು ಕಿಟಕಿಯಲ್ಲಿ. ಹಿಂದೆಯೇ ಪಿಕಪ್‌ನಲ್ಲಿ ಬಂದ ಅಣ್ಣ ಇಳಿದು ಚಕ್ರಕ್ಕೆ ಕಲ್ಲು ಕೊಟ್ಟ, ಹಗ್ಗ ಕಟ್ಟಿದ, ಒಂದು ಮಾತೂ ಆಡದೆ ಎಳೆದುಕೊಂಡು ಮನೆಗೆ ತಂದ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ತಪ್ಪು ನನ್ನದು ಅಕ್ಕ. ಕೆಲಸ ಬಿಟ್ಟು ಸುಮಾರು ವರ್ಷ ಆಯಿತಲ್ಲ, ಕೈ ಮರೆತಿರಬೇಕು," ಎಂದರು ಖಲೀಲ್ ಕಾಕ. ಚೀಲ ಹಿಡಿದುಕೊಂಡು ಬಸ್ಸಿಗೆ ಹೋದರು. ನಾನು ಕೊಟ್ಟ ಚಹಾ ಹಾಗೇ ಉಳಿದಿತ್ತು.

ಶುಕ್ರವಾರ ಬ್ರೋಕರ್ ಬಂದ. ಕಾರಿಗೆ ಒಂದು ಸುತ್ತು ಬಂದು, ಟಯರಿಗೆ ಒದ್ದು ನೋಡಿ, ಬಾಗಿಲು ತೆರೆದು ಕುಳಿತ. ಕುಳಿತವನು ಕೈ ಕೆಳಗೆ ಹಾಕಿ ನನ್ನ ಸೀಟನ್ನು ಕರ್ರೆಂದು ಹಿಂದಕ್ಕೆ ತಳ್ಳಿದ.

ಏಳು ವರ್ಷದಲ್ಲಿ ಆ ಸೀಟು ಒಂದು ಹಲ್ಲೂ ಆಚೀಚೆ ಆಗಿರಲಿಲ್ಲ. ನನ್ನ ಬಲಗಾಲಿನ ಅಳತೆಗೆ, ನನ್ನ ಬೆನ್ನಿನ ಅಳತೆಗೆ ಕೂತಿದ್ದ ಸೀಟು ಅದು. ನನಗೆ ಎಲ್ಲಿತ್ತೋ ರೋಷ! ನಲ್ಲಿಯ ಕೆಳಗೆ ತುಂಬಿದ ಬಕೆಟ್ ಇತ್ತು. ಅದನ್ನು ಊರುಗೋಲಿನಿಂದ ಒಂದೇ ಸಲ ತಳ್ಳಿ ಉರುಳಿಸಿದೆ. "ಇಳಿ ಕೆಳಗೆ! ಇನ್ನೂ ಶನಿವಾರ ಆಗಿಲ್ಲ!" ಎಂದು ಕಿರುಚಿದೆ.

ಬ್ರೋಕರ್ ಹೆದರಿ ಇಳಿದ. ನೀರು ಅವನ ಚಪ್ಪಲಿ ನೆನೆಸಿ, ಕಾರಿನ ಹಿಂದಿನ ಚಕ್ರ ದಾಟಿ, ಅಡಿಯಿಂದ ಹಾದು, ಮುಂದಿನ ಚಕ್ರವನ್ನೂ ದಾಟಿ, ಗೇಟಿನ ಕಡೆ ಓಡಿತು. ನಾನು ಅದನ್ನೇ ನೋಡುತ್ತ ನಿಂತೆ.

ಮಳೆಗಾಲದಲ್ಲಿ ಅಂಗಳದ ನೀರು ಗೇಟಿನ ಕಡೆ ಹೋಗುವುದನ್ನು ಹುಟ್ಟಿದಾಗಿನಿಂದ ನೋಡಿದ್ದೇನೆ. ಆದರೂ ನಮ್ಮ ಅಂಗಳ ಮಟ್ಟವಾಗಿದೆ ಎಂದೇ ನಾವು ಹೇಳುವುದು. ಗುಡ್ಡ ಕಡಿದು ಮನೆ ಕಟ್ಟುವ ನಮ್ಮ ಊರಿನಲ್ಲಿ, ಇಟ್ಟ ಚೊಂಬು ಉರುಳದಿದ್ದರೆ ಆ ಜಾಗ ಮಟ್ಟ. ನೀರು ಹಿಂದಿನಿಂದ ಮುಂದಕ್ಕೆ ಹೋಗುವುದಾದರೆ ಗೇರ್‌ಬಾಕ್ಸಿನ ಒಳಗಿನ ಎಣ್ಣೆ ಎಲ್ಲಿಗೆ ಹೋಗುತ್ತದೆ? ಅದೂ ಮುಂದಕ್ಕೇ. ಕಡ್ಡಿ ಇರುವುದೂ ಮುಂದೆಯೇ. ಮೂರು ಲೀಟರಿಗೇ ತುಂಬಿದ ಹಾಗೆ ಕಂಡದ್ದು ಅದಕ್ಕೇ! ಏರಿನಲ್ಲಿ ಮೂತಿ ಮೇಲಾದಾಗ ಎಣ್ಣೆ ಸಾಲದೆ ಗೇರು ಹಿಡಿತ ಬಿಟ್ಟಿತು. ಜಗಲಿಯ ಮೇಲೆ ನಾಲ್ಕನೆಯ ಡಬ್ಬಿ ಹಾಗೇ ಕುಳಿತಿತ್ತು.

"ಅಣ್ಣ! ಅಂಗಳ ಮಟ್ಟ ಇಲ್ಲ! ತಪ್ಪು ಕಾರಿನದ್ದಲ್ಲ, ಅಂಗಳದ್ದು!"

ಅಣ್ಣ ಬ್ರೋಕರಿನ ಮುಂದೆ ಮುಖಭಂಗವಾದ ಸಿಟ್ಟಿನಲ್ಲಿದ್ದ. "ಹೌದು ಹೌದು," ಎಂದ. "ಕುಣಿಯಲಾರದವಳು ಅಂಗಳ ಡೊಂಕು ಅಂದಳಂತೆ."

ಯಾರಿಗೆ ಏನು ಹೇಳಿದೆ ಎಂದು ಅಣ್ಣನಿಗೆ ತಿಳಿದದ್ದು ಹೇಳಿದ ಮೇಲೆ. ಮುಖ ಕಪ್ಪಿಟ್ಟಿತು. ಬಾಗಿಲಲ್ಲಿ ನಿಂತಿದ್ದ ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ನನ್ನ ಎದೆಗೆ ಕೊಡಲಿ ಹಾಕಿದ ಹಾಗಾಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಅವನ ಮುಂದೆ ಅತ್ತರೆ ನಾನು ಹರಿಣಾಕ್ಷಿಯೇ ಅಲ್ಲ.

"ಕುಣಿಯಲಾರೆ, ನಿಜ. ಆದ್ರೆ ಅಂಗಳ ಡೊಂಕೇ ಅಣ್ಣ. ನಾಳೆ ಅಳೆದು ತೋರಿಸ್ತೇನೆ. ನಿನ್ನ ಬ್ರೋಕರಿಗೆ ಹೇಳು, ನನ್ನ ಸೀಟನ್ನು ಇದ್ದಲ್ಲಿಗೇ ತಂದಿಟ್ಟು ಹೋಗಲಿ."

ಬ್ರೋಕರ್ ತಂದಿಟ್ಟೇ ಹೋದ.

ಖಲೀಲ್ ಕಾಕನಿಗೆ ಫೋನ್ ಮಾಡಿದೆ. ಅವರು ಬರಲು ಒಪ್ಪಲಿಲ್ಲ. "ಬೇಡ ಅಕ್ಕ. ಮಗನೂ ಬೈದ. ನನ್ನ ಕೈಯಿಂದ ಇನ್ನೊಬ್ಬರ ಗಾಡಿ ಹಾಳಾಗುವುದು ಬೇಡ."

"ಕಾಕ, ಒಂದೇ ಒಂದು ಪ್ರಶ್ನೆ. ದಮಾಮಿನಲ್ಲಿ ನಿಮ್ಮ ಗ್ಯಾರೇಜಿನ ನೆಲ ಹೇಗಿತ್ತು?"

"ನೆಲವಾ? ನೆಲ ನೆಲದ ಹಾಗೇ ಇತ್ತು. ಮರಳುಗಾಡಲ್ವಾ, ಹಲಗೆಯ ಹಾಗೆ..." ಮಾತು ಅಲ್ಲಿಗೇ ನಿಂತಿತು. "ಯಾ ಅಲ್ಲಾಹ್! ಮಟ್ಟ ನೆಲದಲ್ಲೇ ಅಳೆಯಬೇಕು ಅಂತ ಪುಸ್ತಕದ ಮೊದಲ ಸಾಲಿನಲ್ಲೇ ಉಂಟು ಅಕ್ಕ. ಅಲ್ಲಿ ಎಲ್ಲ ಕಡೆ ಮಟ್ಟವೇ. ಇಪ್ಪತ್ತನಾಲ್ಕು ವರ್ಷ ನಾನು ನೆಲ ನೋಡ್ಲೇ ಇಲ್ಲ."

"ನಾಳೆ ಬನ್ನಿ. ನೆಲ ನಾನು ನೋಡಿಕೊಳ್ತೇನೆ," ಎಂದೆ.

ನನ್ನ ಅಪ್ಪ ಕಲ್ಲು ಕಟ್ಟುವ ಮೇಸ್ತ್ರಿಯಾಗಿದ್ದ. ಅವನ ಕೆಲಸದಲ್ಲಿ ಉಳಿದ ಮಕ್ಕಳು ಕಲ್ಲು ಹೊರುತ್ತಿದ್ದರು, ಮರಳು ಸೋಸುತ್ತಿದ್ದರು. ನನಗೆ ಅಪ್ಪ ಕೊಟ್ಟದ್ದು ನೀರಿನ ಪೈಪಿನ ಒಂದು ತುದಿ. ಪಾರದರ್ಶಕ ಪೈಪಿನಲ್ಲಿ ನೀರು ತುಂಬಿಸಿ ಎರಡು ತುದಿಯನ್ನು ಎರಡು ಕಡೆ ಹಿಡಿದರೆ, ಎಷ್ಟೇ ದೂರವಿರಲಿ, ನೀರು ಎರಡೂ ಕಡೆ ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಕೂತಲ್ಲೇ ಮಾಡುವ ಕೆಲಸ, ಆದರೆ ಕೈ ಅಲುಗಬಾರದು. ಅಲುಗದೆ ಹಿಡಿಯುವುದರಲ್ಲಿ ನನ್ನನ್ನು ಮೀರಿಸುವವರು ಇರಲಿಲ್ಲ. ಈ ಕೈಯಿಂದಲೇ ಇವತ್ತಿಗೂ ಮದುಮಗಳ ಕಣ್ಣಿಗೆ ಕಾಡಿಗೆ ಎಳೆಯುತ್ತೇನೆ.

ಶನಿವಾರ ಅಂಥದೇ ಪೈಪು ತರಿಸಿದೆ. ಇನ್ನೊಂದು ತುದಿ ಹಿಡಿಯಲು ಯಾರನ್ನು ಕರೆಯಲಿ ಎಂದು ನೋಡುವಾಗ ಅಮ್ಮ ಸೀರೆಯ ನೆರಿಗೆ ಸಿಕ್ಕಿಸಿಕೊಂಡು ಅಂಗಳಕ್ಕೆ ಇಳಿದಳು.

"ಮೇಸ್ತ್ರಿಯ ಹೆಂಡತಿಗೆ ಇದು ಹೇಳಿ ಕೊಡ್ಬೇಕಾ? ಕೊಡು ಇಲ್ಲಿ," ಎಂದಳು.

ಅಮ್ಮ ಹಿಂದಿನ ಚಕ್ರದ ಹತ್ತಿರ, ನಾನು ಮುಂದಿನ ಚಕ್ರದ ಹತ್ತಿರ ನೆಲದಲ್ಲೇ ಕುಳಿತು ಪೈಪು ಹಿಡಿದೆವು. ನೀರು ತೂಗಾಡಿ ನಿಂತಿತು. ಅಳೆದು ನೋಡಿದರೆ ಮುಂದಿನ ಚಕ್ರ ಆರು ಬೆರಳು ತಗ್ಗಿನಲ್ಲಿತ್ತು! ಮಳೆ ನೀರು ಹೊಸ್ತಿಲಿಗೆ ಬರಬಾರದೆಂದು ಅಪ್ಪನೇ ಬೇಕೆಂದು ಕೊಟ್ಟ ಇಳಿಜಾರು ಅದು. ಅಣ್ಣ ತನ್ನ ಜಗಲಿಯಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದ. ನಾನು ಅವನ ಕಡೆ ತಿರುಗಿ ಆರು ಬೆರಳು ಎತ್ತಿ ತೋರಿಸಿದೆ. ಅವನು ಬೇರೆಲ್ಲೋ ನೋಡಿದ.

ಕಾಕ ಜಾಕ್ ಹಾಕಿ ಮೂತಿ ಎತ್ತಿ, ಮುಂದಿನ ಎರಡೂ ಚಕ್ರಗಳ ಅಡಿಗೆ ಹಲಗೆ ಪೇರಿಸಿದರು. ಮತ್ತೆ ಪೈಪು ಹಿಡಿದೆವು. ಒಂದು ಹಲಗೆ ಹೆಚ್ಚಾಯಿತು, ತೆಗೆಸಿದೆ. ತೆಳು ರಟ್ಟು ಇಡಿಸಿದೆ. ಎರಡೂ ಕಡೆ ನೀರು ಒಂದೇ ಗೆರೆಗೆ ಬಂದ ಮೇಲೆಯೇ ಇಂಜಿನ್ ಹಾಕಲು ಬಿಟ್ಟದ್ದು. ಬಿಸಿಯಾದ ಮೇಲೆ ಕಾಕ ಕಡ್ಡಿ ಎಳೆದರು. ತುದಿ ಮಾತ್ರ ಒದ್ದೆಯಾಗಿತ್ತು. ಕೆಳಗಿನ ಗೆರೆಯನ್ನೂ ಎಣ್ಣೆ ಮುಟ್ಟಿರಲಿಲ್ಲ.

ಕಾಕ ನಾಲ್ಕನೆಯ ಡಬ್ಬಿಯ ಸೀಲು ಒಡೆದು ನಿಧಾನವಾಗಿ ಹೊಯ್ದರು. ಕಾಲು, ಅರ್ಧ, ಮುಕ್ಕಾಲು. ಪೂರ್ತಿ ಡಬ್ಬಿ ಹೋದಾಗ ಎಣ್ಣೆ ಸರಿಯಾಗಿ ಮೇಲಿನ ಗೆರೆಗೆ ಬಂತು.

"ಈಗ ಹೋಗುವ," ಎಂದರು.

ಸಂಜೆ ಐದು ಗಂಟೆ. ಹಿಂದೆ ಪಿಕಪ್‌ನಲ್ಲಿ ಅಣ್ಣ ಬಂದ, ಪಕ್ಕದ ಸೀಟಿನಲ್ಲಿ ಹಗ್ಗ ಇಟ್ಟುಕೊಂಡೇ ಬಂದಿದ್ದ. ಚಡಾವಿನ ಬುಡ ದಾಟಿತು. ಅರ್ಧ ಬಂತು, ಮೊನ್ನೆ ನಿಂತ ಜಾಗ. ಆಕ್ಸಿಲರೇಟರ್ ಒತ್ತಿದೆ. ಇಂಜಿನ್ ಬೊಬ್ಬೆ ಹಾಕಲಿಲ್ಲ. ಗೇರು ತಾನಾಗಿ ಇಳಿಯಿತು, ಚಕ್ರ ನೆಲವನ್ನು ಕಚ್ಚಿ ಹಿಡಿಯಿತು. ಮೂತಿ ಎತ್ತಿಕೊಂಡು ನನ್ನ ಕಾರು ಮೇಲಕ್ಕೆ ಹೋಯಿತು, ಒಮ್ಮೆಯೂ ತಡವರಿಸದೆ! ತುದಿ ಮುಟ್ಟಿದ ಮೇಲೆ ಹಾರ್ನಿನ ಮೇಲೆ ಕೈ ಒತ್ತಿ ಹಿಡಿದೆ. ಊರು ಕೇಳಲಿ. ಮೊನ್ನೆಯ ಬಸ್ಸಿನಲ್ಲಿದ್ದವರ ಕಿವಿಗೂ ಬೀಳಲಿ.

"ಅಲ್‌ಹಮ್ದುಲಿಲ್ಲಾಹ್," ಎಂದು ಕಾಕ ಮುಖ ಒರೆಸಿಕೊಂಡರು. "ಒಂದು ತಿಂಗಳು ಓಡಿಸಿ ಅಕ್ಕ. ಒಳಗೆ ಇನ್ನೂ ಹಳೇ ಎಣ್ಣೆ ಉಂಟು, ಮತ್ತೊಮ್ಮೆ ಬದಲಿಸುವ."

"ಮಗನ ಅಂಗಡಿಯ ಮುಂದೆಯೇ ಬದಲಿಸುವ ಕಾಕ. ಪೈಪು ನಾನು ತರ್ತೇನೆ."

ಅವರನ್ನು ಮೆಲ್ಕಾರಿನಲ್ಲಿ ಅಂಗಡಿಯ ಎದುರೇ ಇಳಿಸಿದೆ. ರಿಝ್ವಾನ್ ಹೊರಗೆ ಬಂದು ನನ್ನ ಕಾರನ್ನೂ ತಂದೆಯನ್ನೂ ನೋಡಿದ. ಕುರ್ಚಿ ಎಳೆದು ಕೊಡಲು ಬಗ್ಗಿದ. ಕಾಕ ಕುಳಿತುಕೊಳ್ಳದೆ ಒಳಗೆ ನಡೆದರು.

ಭಾನುವಾರ ಬೆಳಿಗ್ಗೆ ನಾಲ್ಕಕ್ಕೆ ಬಣ್ಣದ ಪೆಟ್ಟಿಗೆಯನ್ನು ಹಿಂದಿನ ಸೀಟಿಗೆ ಹಾಕುತ್ತಿದ್ದಾಗ ಅಂಗಳದಲ್ಲಿ ಪಿಕಪ್ ಸ್ಟಾರ್ಟ್ ಆಗಿಯೇ ನಿಂತಿತ್ತು. ಅಣ್ಣ ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿ ತಯಾರಾಗಿದ್ದ.

"ಮಾರುವ ಮಾತು ಎತ್ತುವುದಿಲ್ಲ," ಎಂದ. "ಆದ್ರೆ ಹಿಂದಿನಿಂದ ಬರ್ತೇನೆ. ದಾರಿಯಲ್ಲಿ ನಿಂತ್ರೆ?"

"ಬೇಡ."

"ಮೂಡಬಿದಿರೆವರೆಗೆ ಮಾತ್ರ."

"ಗೇಟಿನವರೆಗೂ ಬೇಡ. ನಿಂತ್ರೆ ನಿಂತಲ್ಲೇ ಕೂತು ಅದಕ್ಕೆ ಬೈತೇನೆ. ನನಗೆ ಬಾಯಿ ಉಂಟು."

ಅವನು ನಗಲಿಲ್ಲ. ನಾನು ಒಳಗೆ ಕೂತ ಮೇಲೆ ಕಿಟಕಿಯ ಹತ್ತಿರ ಬಂದು ನಿಂತ. ಹೆಡ್‌ಲೈಟಿನ ಬೆಳಕಿನಲ್ಲಿ ಅವನ ಗಡ್ಡದ ಬಿಳಿ ಕೂದಲು ಕಂಡಿತು. ಐವತ್ತು ದಾಟಿದ ಗಂಡಸು, ಮಗುವಿನ ಹಾಗೆ ಕೇಳಿದ:

"ಹಾಗಾದ್ರೆ ಇನ್ನು ನಾನು ಬೇಡ್ವಾ ಹರಿಣಿ ನಿನಗೆ?"

ಮಾರಬೇಕೆಂದು ಇಷ್ಟು ದಿನ ಹಟ ಹಿಡಿದದ್ದು ಇದಕ್ಕಾ? ಇದನ್ನು ಏಳು ವರ್ಷದ ಹಿಂದೆಯೇ ಕೇಳಬಾರದಿತ್ತೇ ಇವನು? ಒಂದು ಗಳಿಗೆ, ಒಂದೇ ಗಳಿಗೆ, ಪೆಟ್ಟಿಗೆಯನ್ನು ಪಿಕಪ್‌ಗೆ ಹಾಕಿ ಅವನ ಪಕ್ಕದಲ್ಲಿ ಕುಳಿತುಬಿಡೋಣ ಅನ್ನಿಸಿತು. ಇವತ್ತು ಕುಳಿತರೆ ನಾಳೆಯೂ ಕೂರಬೇಕು.

"ಅಣ್ಣ ಬೇಕು," ಎಂದೆ. "ಡ್ರೈವರ್ ಬೇಡ."

ಅವನು ಪಿಕಪ್ ಹತ್ತಿರ ಹೋಗಿ ಕೈ ಒಳಗೆ ಹಾಕಿ ಕೀ ತಿರುಗಿಸಿದ. ಇಂಜಿನ್ ನಿಂತಿತು, ಅಂಗಳ ಕತ್ತಲಾಯಿತು. ಗೇಟು ತೆರೆದು ಕೊಟ್ಟದ್ದು ಅವನೇ.

ಚಡಾವು ಹತ್ತಿದೆ. ಸಿದ್ಧಕಟ್ಟೆ ದಾಟುವವರೆಗೂ ಕನ್ನಡಿಯಲ್ಲಿ ಹಿಂದಿನ ರಸ್ತೆಯನ್ನು ನೋಡುತ್ತಲೇ ಇದ್ದೆ. ಯಾವ ಗಾಡಿಯೂ ಬರಲಿಲ್ಲ.